ಎರಡು ಚಿತ್ರ, ಎರಡು ಅಳತೆ

ಅವರು ಕೆಲಸ ಬಿಟ್ಟ ದಿನ ಬೀಳ್ಕೊಡುಗೆಯಲ್ಲಿ ನಾನು ಮೂರು ವಾಕ್ಯ ಮಾತಾಡಿದೆ. ನಾಲ್ಕು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತವಳು ನಾನೇ ಆದ್ದರಿಂದ ಎಲ್ಲರೂ ಇನ್ನಷ್ಟು ಮಾತಿಗೆ ಕಾದಿದ್ದರು. ಅವರಿಂದ ಕೆಲಸ ಕಲಿತೆ, ಅವರು ಯಾರ ಮೇಲೂ ದನಿ ಏರಿಸಿದವರಲ್ಲ, ಅವರ ಜಾಗ ತುಂಬುವುದು ಕಷ್ಟ ಎಂದೆ. ಮೂರೂ ನಿಜ. ಆದರೆ ಆ ನಾಲ್ಕು ವರ್ಷದಲ್ಲಿ ಅವರ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಅನ್ನಿಸಿದ್ದು ಹೊಟ್ಟೆಕಿಚ್ಚು. ಅದನ್ನು ಬಿಟ್ಟು ಏನು ಬರೆದರೂ ಅದು ಆ ಮೂರು ವಾಕ್ಯದ ಹಾಗೆಯೇ ಆಗುತ್ತದೆ.

ಹೆಸರು ಬರೆಯುವುದಿಲ್ಲ. ಆಫೀಸಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಹುನಗುಂದದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ್ದರು. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಕನ್ನಡ ಮಾಧ್ಯಮದ ತರಗತಿಗಳು ಮುಚ್ಚಿ ಅವರು ಶಾಲೆ ಬಿಟ್ಟರೂ ಆ ಕರೆ ಅವರನ್ನು ಬಿಡಲಿಲ್ಲ. ನಮ್ಮ ಸರ್, ಅಂದರೆ ಕಂಪನಿಯ ಮಾಲೀಕರು, ಅವರಿಗಿಂತ ಎರಡು ವರ್ಷ ದೊಡ್ಡವರು. ಅವರೂ ಅಕ್ಕೋರು ಎನ್ನುತ್ತಿದ್ದರು.

ನಮ್ಮದು ನವನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಹನ್ನೊಂದು ಜನರ ಕಂಪನಿ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ನನ್ನ ಕೆಲಸ ಪರೀಕ್ಷೆ. ರೋಗಿಗಳ ಹೆಸರು ಬರೆದು ಚೀಟಿ ಮಾಡುವ ಕಿಟಕಿಯಲ್ಲಿ ಒಬ್ಬ ಗುಮಾಸ್ತ ಗುಂಡಿ ಒತ್ತಿದರೆ ಕಂಪ್ಯೂಟರು ಚೆನ್ನಾಗಿಯೇ ಉತ್ತರ ಕೊಡುತ್ತದೆ. ನಲವತ್ತು ಗುಮಾಸ್ತರು ಒಟ್ಟಿಗೆ ಒತ್ತಿದರೆ ಎಷ್ಟು ಹೊತ್ತು ಕಾಯಿಸುತ್ತದೆ? ನಲವತ್ತು ಗುಮಾಸ್ತರಂತೆ ನಟಿಸುವ ಒಂದು ಪ್ರೋಗ್ರಾಂ ಬರೆದು, ಪ್ರತಿ ಒತ್ತುವಿಕೆಗೂ ಹಿಡಿದ ಸೆಕೆಂಡುಗಳನ್ನು ಅಳೆದು, ವರದಿ ಬರೆಯುವವಳು ನಾನು. ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ಇದೇ ನನ್ನ ವಿಷಯವಾಗಿತ್ತು. ಅಕ್ಕೋರು ಬಂದದ್ದು ಗುಮಾಸ್ತರಿಗೆ ಕನ್ನಡದಲ್ಲಿ ಕೈಪಿಡಿ ಬರೆಯಲು. ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಬಂದು, ಮೂಲೆಯ ಮೇಜಿನಲ್ಲಿ ಕೂತು, ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಮೊದಲ ಆರು ತಿಂಗಳು ನಾನು ಅವರನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಬಾದಾಮಿಯ ಹಿರಿಯ ಡಾಕ್ಟರರೊಬ್ಬರಿಗೆ ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಮೂರು ಆಸ್ಪತ್ರೆಗಳಿದ್ದವು. ಮೂರಕ್ಕೂ ಒಂದೇ ನೋಂದಣಿ ವ್ಯವಸ್ಥೆ ಬೇಕೆಂದು ನಮ್ಮಲ್ಲಿಗೆ ಬಂದರು. ಸಿದ್ಧವಾದದ್ದನ್ನು ನಾನು ಪರೀಕ್ಷಿಸಿದೆ. ಹುನಗುಂದದ ಆಸ್ಪತ್ರೆಯಲ್ಲಿ ಸಂತೆಯ ದಿನ ಯಾವ ನಿಮಿಷಕ್ಕೆ ಎಷ್ಟು ಚೀಟಿ ಆಗಿದ್ದವೋ ಆ ದಾಖಲೆ ತರಿಸಿ, ಅದೇ ಹೊತ್ತಿಗೆ ಅಷ್ಟೇ ಚೀಟಿಗಳನ್ನು ನಮ್ಮ ಯಂತ್ರದ ಮೇಲೆ ಮಾಡಿಸಿದೆ. ವರದಿ ಇಪ್ಪತ್ತಾರು ಪುಟ, ಹದಿನಾಲ್ಕು ಗ್ರಾಫ್. ಸರಾಸರಿ ಕಾಯುವಿಕೆ ಎರಡು ಸೆಕೆಂಡಿಗಿಂತ ಕಡಿಮೆ. ಡಾಕ್ಟರರು ನಮ್ಮ ಆಫೀಸಿಗೇ ಬಂದು ಪುಟ ತಿರುವಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಭಾಳ ಛಂದ ಮಾಡೀರಿ" ಎಂದರು ನನಗೆ. "ಆದ್ರ ನಾ ಹೂಂ ಅನ್ನಬೇಕೋ, ಊಹೂಂ ಅನ್ನಬೇಕೋ, ಅದ ಯಾವ ಪುಟದಾಗೈತಿ?"

ಮೂಲೆಯ ಮೇಜಿನಿಂದ ಒಂದು ಸಣ್ಣ ನಗು ಕೇಳಿಸಿತು. ಅದು ನನ್ನನ್ನು ಕುರಿತ ನಗುವಲ್ಲ, ಡಾಕ್ಟರರ ಮಾತಿಗೆ ಬಂದದ್ದು ಎಂದು ಈಗ ಗೊತ್ತು. ಅವತ್ತು ಹಾಗೆ ಅನ್ನಿಸಲಿಲ್ಲ.

ಮರುದಿನ ಸರ್ ಆ ವರದಿಯನ್ನು ಸುಲಭ ಕನ್ನಡಕ್ಕೆ ಇಳಿಸಲು ಅಕ್ಕೋರಿಗೆ ಕೊಟ್ಟರು. ಅವರು ಅದನ್ನು ಎದೆಗೆ ಅವಚಿಕೊಂಡು ನನ್ನ ಬಳಿ ಬಂದು, ಈ ಸರಾಸರಿ ಅಂದರೆ ಯಾರು ಎಂದು ಕೇಳಿದರು. ಏನು ಎಂದು ಕೇಳುವ ಬದಲು ಯಾರು ಎಂದಿದ್ದಾರೆ ಅಂದುಕೊಂಡು, ಎಲ್ಲವನ್ನೂ ಕೂಡಿಸಿ ಎಣಿಕೆಯಿಂದ ಭಾಗಿಸುವುದನ್ನು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದನ್ನ ಇಪ್ಪತ್ತ ವರ್ಷ ನಾನೂ ಹೇಳೇನಿ, ತಂಗಿ. ನಾ ಕೇಳಿದ್ದು, ಈ ಎರಡ ಸೆಕೆಂಡ ಕಾಯಾಂವ ಯಾವ ಕಿಟಕಿ ಮುಂದ ನಿಂತಾನ?"

ಅಂಥವನು ಯಾವ ಕಿಟಕಿಯ ಮುಂದೂ ನಿಂತಿರಲಿಲ್ಲ. ಅವರು ನನ್ನಿಂದ ಮೂಲ ದಾಖಲೆಯ ಕಡತ ಕೇಳಿ ಪಡೆದರು. ಎರಡು ದಿನ ಶಾಲೆಯ ಗ್ರಾಫ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಏನೋ ಹಾಕುತ್ತಿದ್ದರು. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಮಾಡಿದರು. ಒಂದೇ ಚಿತ್ರ. ಗ್ರಾಫಿಗೆ ಅವರು ಚಿತ್ರ ಎನ್ನುತ್ತಿದ್ದರು. ಅಡ್ಡಕ್ಕೆ ಮುಂಜಾನೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಹೊತ್ತು, ಮೇಲಕ್ಕೆ ಸೆಕೆಂಡು, ಒಂದು ಸಲ ಗುಂಡಿ ಒತ್ತಿದ್ದಕ್ಕೆ ಒಂದು ಚುಕ್ಕೆ. ತಳದಲ್ಲಿ ಚಾಪೆ ಹಾಸಿದಂತೆ ಒತ್ತೊತ್ತಾಗಿ ಚುಕ್ಕೆಗಳು. ನಡುವೆ ನಾಲ್ಕು ಕಡೆ ಮಾತ್ರ ಅವು ಒಲೆಯ ಹೊಗೆಯಂತೆ ನೆಟ್ಟಗೆ ಮೇಲೆದ್ದು ಹನ್ನೆರಡು ಸೆಕೆಂಡು ಮುಟ್ಟಿದ್ದವು. ನನ್ನ ಸರಾಸರಿಯಲ್ಲಿ ಆ ಹೊಗೆ ಕರಗಿಹೋಗಿತ್ತು.

"ಇವು ಬಸ್ಸು" ಎಂದರು ಅಕ್ಕೋರು, ನಾಲ್ಕು ಕಂಬಗಳ ಮೇಲೂ ಬೆರಳಿಡುತ್ತ.

ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅದು ಹೊಸದಲ್ಲ. ಸಂತೆಯ ದಿನ ಹಳ್ಳಿಯವರು ಸಂತೆಯನ್ನೂ ದವಾಖಾನೆಯನ್ನೂ ಒಂದೇ ಸವಾರಿಯಲ್ಲಿ ಮುಗಿಸುತ್ತಾರೆ. ಜನ ಒಬ್ಬೊಬ್ಬರಾಗಿ ಬರುವುದಿಲ್ಲ. ಬಸ್ಸು ನಿಂತರೆ ಮೂವತ್ತು ಜನ ಒಟ್ಟಿಗೆ ಇಳಿದು ಕಿಟಕಿಗೆ ಬರುತ್ತಾರೆ. ಒಂದು ಚೀಟಿಗೆ ಐದು ಸಲ ಗುಂಡಿ ಒತ್ತಬೇಕು, ಒಂದೊಂದಕ್ಕೆ ಹನ್ನೆರಡು ಸೆಕೆಂಡು. ಕೊನೆಯಲ್ಲಿ ನಿಂತ ಬಸುರಿ ಹೆಂಗಸಿನ ಗತಿ ಏನು? ನಾನೂ ಇದೇ ಜಿಲ್ಲೆಯಲ್ಲಿ ಹುಟ್ಟಿದವಳು. ಆದರೆ ಮನೆಯಿಂದ ಆಫೀಸಿಗೆ ಎರಡು ಸೆಕ್ಟರ್ ದಾಟಿದರೆ ಸಾಕು, ಸ್ಕೂಟಿಯಲ್ಲಿ ಬರುತ್ತೇನೆ.

ಡಾಕ್ಟರರು ಆ ಚಿತ್ರ ನೋಡಿದಾಗ ಅಕ್ಕೋರು ಏನನ್ನೂ ವಿವರಿಸಲಿಲ್ಲ. ಮೇಲಿನ ಶೀರ್ಷಿಕೆಯನ್ನು ಅಂಗೈಯಿಂದ ಮುಚ್ಚಿ, ಇದು ನಿಮಗೆ ಏನು ಹೇಳುತ್ತದೆ ಎಂದಷ್ಟೇ ಕೇಳಿದರು. ಡಾಕ್ಟರರು ಸ್ವಲ್ಪ ಹೊತ್ತು ನೋಡಿ, "ಇದು ನಮ್ಮ ಹುನಗುಂದದ ದವಾಖಾನಿ. ಸಂತಿ ದಿವಸ, ಮುಂಜಾನಿ ಹತ್ತು ಗಂಟೆ" ಎಂದರು. ಆಮೇಲೆ, "ಊಹೂಂ. ಮೊದಲ ಇದನ್ನ ಸರಿ ಮಾಡ್ರಿ" ಎಂದರು. ನಮ್ಮ ಕೆಲಸವನ್ನು ತಿರಸ್ಕರಿಸಿದ ಮಾತು ಅದು. ಆದರೂ ಸರ್ ಗೆದ್ದವರಂತೆ ಅಕ್ಕೋರ ಕಡೆ ನೋಡಿದರು. ಅಳೆದವಳು ನಾನು. ಆ ಪ್ರತಿಯೊಂದು ಚುಕ್ಕೆಯೂ ನನ್ನದು.

ಅಂದಿನಿಂದ ಆಫೀಸಿನಿಂದ ಹೊರಡುವ ಎಲ್ಲ ವರದಿಯೂ ಅವರ ಮೇಜಿನ ಮೇಲೆ ಹಾದುಹೋಗತೊಡಗಿತು. ನಮ್ಮ ಸರ್‌ಗೆ ಉಬ್ಬಿದ, ನೆರಳು ಬೀಳುವ ಕಂಬಗಳ ಗ್ರಾಫ್ ಬಲು ಇಷ್ಟ. ಅಕ್ಕೋರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಕಂಬಕ್ಕ ನೆರಳ ಐತಲ್ರಿ ಸರ್, ಬಿಸಲ ಯಾವ ಕಡಿಂದ ಬರಾಕತ್ತೈತಿ?" ಎಂದು ಗಂಭೀರವಾಗಿ ಕೇಳಿದರು. ನಾನು ಏಳು ಗೆರೆಗೆ ಏಳು ಬಣ್ಣ ಹಾಕಿದ ಗ್ರಾಫ್ ನೋಡಿ, ಯಾರ ಮನೆಯ ಮದುವೆ ಎಂದು ಕೇಳಿದರು. ಒಂದು ಗೆರೆಗೆ ಮಾತ್ರ ಬಣ್ಣ ಉಳಿಸಿ ಮಿಕ್ಕ ಆರನ್ನೂ ಬೂದಿ ಬಣ್ಣಕ್ಕೆ ಇಳಿಸಿದರೆ ಕಣ್ಣು ತಾನಾಗಿ ಹೋಗಬೇಕಾದಲ್ಲಿ ಹೋಗುತ್ತಿತ್ತು. ಚಿತ್ರವನ್ನು ಗೋಡೆಗೆ ಅಂಟಿಸಿ, ಕೋಣೆಯ ಆಚೆ ತುದಿಗೆ ನಡೆದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅಲ್ಲಿಂದ ಓದಲಾಗದ ಅಕ್ಷರ ದೊಡ್ಡದಾಗಬೇಕು, ಇಲ್ಲವೇ ಹೋಗಬೇಕು. ನೋಡಿ ಮುಗಿದ ಮೇಲೆ ಬೆರಳುಗಳನ್ನು ಸೆರಗಿನ ತುದಿಗೆ ಒರೆಸಿಕೊಳ್ಳುವರು, ಸೀಮೆಸುಣ್ಣ ಹಿಡಿದೇ ಇಲ್ಲವಾದರೂ.

ಇದನ್ನೆಲ್ಲ ನಾನು ಗುಟ್ಟಾಗಿ ಕಲಿತೆ. ಅವರು ಹೋದ ಮೇಲೆ ಅವರ ಕಡತ ತೆರೆದು, ಅದೇ ಚಿತ್ರವನ್ನು ಮೊದಲಿಂದ ಮಾಡಿ, ಅಳಿಸಿಹಾಕುತ್ತಿದ್ದೆ. "ಅಕ್ಕೋರಿಗೆ ತೋರಿಸೀರೇನು?" ಎಂದು ಸರ್ ಎಷ್ಟು ಸಲ ಕೇಳುತ್ತಾರೆಂದು ಒಂದು ವಾರ ಎಣಿಸಿದೆ. ಹದಿನೇಳು ಸಲ. ಅಕ್ಕೋರು ಪರೀಕ್ಷೆಯ ಪ್ರೋಗ್ರಾಂ ಓಡಿಸಲಾರರು, ಇಂಗ್ಲಿಷಿನ ತಾಂತ್ರಿಕ ಪದ ತಪ್ಪು ಹೇಳುತ್ತಾರೆ, ಎರಡು ಬೆರಳಿನಲ್ಲಿ ಟೈಪ್ ಮಾಡುತ್ತಾರೆ. ಇವನ್ನು ನಾನು ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿ ಇಟ್ಟುಕೊಂಡಿದ್ದೆ. ಅವರು ಒಮ್ಮೆಯಾದರೂ ಜನರ ಎದುರು ತಪ್ಪಬೇಕು ಎಂಬ ಆಸೆ ನನಗೆ ಹಸಿವಿನಂತೆ ದಿನಾ ಆಗುತ್ತಿತ್ತು. ಹೊರಗೆ ನಾನು ಮಿತಭಾಷಿ, ಸಭ್ಯೆ. ನನ್ನ ಹಾಗೆ ಮಾತು ಕಡಿಮೆ ಇರುವವರಿಗೆ ಇದೊಂದು ಅನುಕೂಲ. ಒಳಗೆ ಏನಿದೆಯೆಂದು ಯಾರೂ ಕೇಳುವುದಿಲ್ಲ.

ಅವರದೊಂದು ಪದ್ಧತಿಯಿತ್ತು. ಯಾವ ಚಿತ್ರವೂ ಹೊರಗೆ ಹೋಗುವ ಹಿಂದಿನ ದಿನ ಅದನ್ನು ಆಫೀಸಿನ ಒಬ್ಬರಿಗೆ ತೋರಿಸುವರು. ಅದೇ ಅಂಗೈ ಶೀರ್ಷಿಕೆಯ ಮೇಲೆ, ಅದೇ ಪ್ರಶ್ನೆ: ಇದು ನಿನಗ ಏನ ಹೇಳ್ತೈತಿ? ಹನ್ನೊಂದು ಜನರಲ್ಲಿ ಅವರು ಆರಿಸಿಕೊಂಡದ್ದು ನನ್ನನ್ನು. ಯಾಕೆಂದು ಹೇಳಿರಲಿಲ್ಲ. ನಾನು ಕಂಡದ್ದನ್ನು ಕಂಡಂತೆ ಹೇಳುತ್ತಿದ್ದೆ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕಳಾಗಿದ್ದೆ. ಒಂದೇ ಒಂದು ದಿನದ ಹೊರತು.

ಬಸ್ಸಿನ ತೊಂದರೆ ಸರಿಪಡಿಸಲು ಪ್ರೋಗ್ರಾಂ ಬರೆಯುವವರು ಮೂರು ವಾರ ತೆಗೆದುಕೊಂಡರು. ಪ್ರತಿ ಚೀಟಿಗೂ ರೋಗಿಯ ಹಳೆಯ ದಾಖಲೆಯನ್ನೆಲ್ಲ ಹುಡುಕುತ್ತಿದ್ದ ಯಂತ್ರ, ಈಗ ಡಾಕ್ಟರರು ಕೇಳಿದಾಗ ಮಾತ್ರ ಹುಡುಕುವಂತಾಯಿತು. ಅದೇ ದಿನಗಳಲ್ಲಿ ಸರ್ ನನ್ನನ್ನೂ ಅಕ್ಕೋರನ್ನೂ ಕರೆದು, ಪರೀಕ್ಷೆಗೆಂದೇ ಒಂದು ತಂಡ ಮಾಡುತ್ತೇನೆ, ಅದನ್ನು ಯಾರು ನಡೆಸಬೇಕೆಂದು, ಸರಿಪಡಿಸಿದ್ದನ್ನು ಡಾಕ್ಟರರಿಗೆ ತೋರಿಸುವ ಬಾದಾಮಿಯ ಸಭೆ ಮುಗಿದ ಮೇಲೆ ಹೇಳುತ್ತೇನೆ ಎಂದರು. ಅಕ್ಕೋರು ಬರುವ ಮೊದಲಿನಿಂದಲೂ, ಮೂರು ವರ್ಷ, ನಾನು ಅಂಥ ಜಾಗಕ್ಕೆ ಕಾದಿದ್ದೆ. ಕೇಳಿರಲಿಲ್ಲ, ಕಾದಿದ್ದೆ.

ಸಭೆಯ ಹಿಂದಿನ ದಿನ ಮರುಪರೀಕ್ಷೆ ಮುಗಿಯುವಾಗ ಸಂಜೆ ನಾಲ್ಕೂವರೆ. ಅಕ್ಕೋರಿಗೆ ಐದು ಗಂಟೆಯ ಇಳಕಲ್ ಬಸ್ಸು. ಯಾವತ್ತೂ ಮೊದಲು ಪೆನ್ಸಿಲಿನಲ್ಲಿ ಚೌಕ ಎಣಿಸಿ ಹಾಕಿಯೇ ಕಂಪ್ಯೂಟರಿಗೆ ಹೋಗುವವರು, ಅವತ್ತು ನೇರವಾಗಿ ಕಂಪ್ಯೂಟರಿನಲ್ಲೇ ಮಾಡಿದರು. ಎಡಕ್ಕೆ ರಿಪೇರಿಯ ಮುಂಚಿನ ಚಿತ್ರ, ಬಲಕ್ಕೆ ಆಮೇಲಿನದು. ಕೈಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಹಾಳೆ ಇಟ್ಟು, ಅಂಗೈ ಮುಚ್ಚಿ, ಕೇಳಿದರು.

ನೋಡಿದ ತಕ್ಷಣ ಕಂಡಿತು. ಹೇಳದಿದ್ದರೆ ಕಂಪ್ಯೂಟರು ಪ್ರತಿ ಗ್ರಾಫಿಗೂ ತನಗೆ ತೋಚಿದ ಅಳತೆ ಹಾಕಿಕೊಳ್ಳುತ್ತದೆ. ಎಡಗಡೆಯ ಚಿತ್ರದ ನೆತ್ತಿ ಹನ್ನೆರಡು ಸೆಕೆಂಡು, ಬಲಗಡೆಯದರ ನೆತ್ತಿ ಮೂರು. ಕಾಯುವಿಕೆ ನಾಲ್ಕನೇ ಒಂದು ಭಾಗಕ್ಕೆ ಇಳಿದಿತ್ತು. ಆದರೆ ಅಳತೆಯೂ ಅಷ್ಟೇ ಇಳಿದದ್ದರಿಂದ ಎರಡೂ ಹೊಗೆ ಒಂದೇ ಎತ್ತರಕ್ಕೆ ಏರಿದ್ದವು. ಅಂಚಿನ ಸಣ್ಣ ಅಂಕಿ ಓದದವರಿಗೆ, ಏನೂ ಆಗಿಯೇ ಇಲ್ಲ ಎಂದು ಆ ಹಾಳೆ ಹೇಳುತ್ತಿತ್ತು.

"ಚಲೋ ಐತ್ರಿ" ಎಂದೆ.

ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವೇ ಆಗಿರಲಿಲ್ಲ. ಬೇರೆ ದಿನವಾಗಿದ್ದರೆ ಹಿಡಿಯುತ್ತಿದ್ದರು. ಅವರ ಕಣ್ಣು ಗಡಿಯಾರದ ಮೇಲಿತ್ತು. ಹೋದರು. ನಾನು ಮನೆಗೆ ಹೋಗಿ, ಅವ್ವ ಇಟ್ಟ ಚಹಾ ಆರುತ್ತಿರುವಾಗಲೇ, ಎರಡನ್ನೂ ಒಂದೇ ಅಳತೆಯ ಮೇಲೆ ಹಾಕಿ ಸರಿಯಾದ ಚಿತ್ರ ಮಾಡಿದೆ. ಎಡಕ್ಕೆ ಹೊಗೆ ನೆತ್ತಿ ಮುಟ್ಟಿತ್ತು, ಬಲಕ್ಕೆ ಮೊಣಕಾಲೆತ್ತರದ ಹುಲ್ಲಿನಂತೆ ತಳದಲ್ಲೇ ನಿಂತಿತ್ತು. ಅದರ ಮುದ್ರಿತ ಪ್ರತಿ ಚೀಲದಲ್ಲಿಟ್ಟುಕೊಂಡೆ. ಯಾವ ಕ್ಷಣದಲ್ಲಿ, ಯಾವ ಮಾತಿನ ಜೊತೆ ಅದನ್ನು ತೆಗೆಯಬೇಕೆಂದು ಅಭ್ಯಾಸವನ್ನೂ ಮಾಡಿಕೊಂಡೆ.

ಬಾದಾಮಿಯಲ್ಲಿ ಆಸ್ಪತ್ರೆಯ ಮೇಲಿನ ಕೋಣೆ. ಡಾಕ್ಟರರು, ಸರ್, ಅಕ್ಕೋರು, ನಾನು. ಅಂದು ಹೂಂ ಎಂದರೆ ಮೂರೂ ಊರಿನಲ್ಲಿ ನಮ್ಮ ಸಾಫ್ಟ್‌ವೇರ್ ಶುರು. ಡಾಕ್ಟರರು ಪರದೆಯನ್ನು ನೋಡಿದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

"ಅಕ್ಕೋರ, ಮೂರು ವಾರ ತಗೊಂಡ್ರಿ. ನನಗ ಎರಡೂ ಒಂದ ಕಾಣಾಕತ್ತಾವಲ್ರಿ?"

ಸರ್ ಮುಖ ಬಿಳಿಚಿತು. ನಾನು ಚೀಲದ ಮೇಲೆ ಕೈ ಇಟ್ಟೆ. ಅಕ್ಕೋರು ಒಂದೆರಡು ಮಾತು ತಡವರಿಸಲಿ, ಆಮೇಲೆ ತೆಗೆಯೋಣ ಎಂದುಕೊಂಡೆ. ಅಷ್ಟೇ ತಡ ಮಾಡಿದ್ದು.

ಅಕ್ಕೋರು ತಡವರಿಸಲಿಲ್ಲ. ಎದ್ದು ಕೋಣೆಯ ಆಚೆ ತುದಿಗೆ ನಡೆದು, ಒಂದು ಕಣ್ಣು ಮುಚ್ಚಿ ಪರದೆಯನ್ನು ನೋಡಿದರು. ತಿರುಗಿ ಬಂದರು.

"ತಪ್ಪ ನಂದರಿ ಡಾಕ್ಟರ. ಕೆಲಸ ಹುಡುಗರು ಚಲೋನ ಮಾಡ್ಯಾರ, ಚಿತ್ರ ನಾ ಕೆಡಿಸೇನಿ. ಎರಡಕ್ಕೂ ಒಂದ ಅಳತಿ ಹಾಕಿಲ್ಲ."

ಡಾಕ್ಟರರ ಮೇಜಿನ ಮೇಲಿದ್ದ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಕೇಳಿ ಪಡೆದು, ಅದರ ಹಿಂಬದಿಯಲ್ಲಿ ಸ್ಕೇಲಿಲ್ಲದೆ ಒಂದು ನೆಟ್ಟ ಗೆರೆ ಎಳೆದರು. ಸೊನ್ನೆಯಿಂದ ಹನ್ನೆರಡರವರೆಗೆ ಗುರುತು. ನಾಲ್ಕು ಬಸ್ಸು ಎಡಕ್ಕೆ, ನಾಲ್ಕು ಬಸ್ಸು ಬಲಕ್ಕೆ. ಎಡದಲ್ಲಿ ಹೊಗೆ ಎಬ್ಬಿಸಿದರು. ಬಲದಲ್ಲಿ ಮೂರರ ಗುರುತಿನ ಕೆಳಗೆ ಪೆನ್ನಿನಿಂದ ಟಕಟಕ ಚುಕ್ಕೆ ಇಟ್ಟರು. ನನ್ನ ಚೀಲದಲ್ಲಿದ್ದ ಚಿತ್ರವೇ ಅದು, ಸೊಟ್ಟಗೆ. ಡಾಕ್ಟರರು ಆ ಹಾಳೆಯನ್ನೇ ಇಟ್ಟುಕೊಂಡರು. ಹೂಂ ಎಂದರು. ತಪ್ಪನ್ನು ತಾನೇ ಹೇಳುವವರ ಮೇಲೆ ನಂಬಿಕೆ ಬರುತ್ತದೆ ಎಂದು ಸರ್‌ಗೆ ಹೇಳಿದ್ದು ನನಗೂ ಕೇಳಿಸಿತು. ಅವರ ತಪ್ಪೂ ನನ್ನ ಸರಿಗಿಂತ ಮೇಲಾಯಿತು.

ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಅಕ್ಕೋರು ನಿಂತು, ನಿನ್ನೆ ನಿನಗೂ ಅದು ಕಾಣಲಿಲ್ಲವೇ ಎಂದು ಕೇಳಿದರು. ಆಪಾದನೆಯ ದನಿಯಲ್ಲ. ಪಾಠ ಅರ್ಥವಾಯಿತೇ ಎಂದು ಕೇಳುವ ದನಿ.

"ಇಲ್ರಿ" ಎಂದೆ. "ನನಗೂ ಕಾಣಲಿಲ್ಲ."

ಅವರು ನನ್ನ ಮಾತನ್ನು ನಂಬಿದರು. ನಂಬಿದ್ದಷ್ಟೇ ಅಲ್ಲ, ಅದನ್ನೊಂದು ಅಳತೆಯಾಗಿ ತೆಗೆದುಕೊಂಡರು. ಈಕೆಗೇ ಕಾಣದಿದ್ದರೆ ಯಾರಿಗೂ ಕಾಣುವುದಿಲ್ಲ, ಅಂಚಿನ ಅಂಕಿ ಸಾಲದು ಎಂದು ತೀರ್ಮಾನಿಸಿದರು. ಮರುದಿನದಿಂದ ನಮ್ಮ ಎಲ್ಲ ಚಿತ್ರದ ನೆತ್ತಿಯ ಮೇಲೆ ದಪ್ಪಕ್ಷರದ ಒಂದು ಸಾಲು ಬಂತು: ಅಳತೆ ಸೊನ್ನೆಯಿಂದ ಇಷ್ಟು ಸೆಕೆಂಡು. ಚಿತ್ರದ ಕಾಲು ಭಾಗ ಅದೇ ತಿನ್ನುತ್ತಿತ್ತು. ಬೇಡದ್ದನ್ನೆಲ್ಲ ಕಿತ್ತೊಗೆಯುತ್ತಿದ್ದ ಅವರ ಚಿತ್ರಗಳಲ್ಲಿ ಬೇಡದ್ದು ಅದೊಂದೇ. ಮೂರು ವರ್ಷ, ದಿನಕ್ಕೆ ನಾಲ್ಕೈದು ಸಲ, ನಾನು ಅದನ್ನು ನೋಡಿದೆ.

ತಂಡವನ್ನು ಸರ್ ಅವರಿಗೇ ಕೊಟ್ಟರು. ಅವರು ಒಪ್ಪಲಿಲ್ಲ. ಪರೀಕ್ಷೆ ಮಾಡುವವಳು ಆಕೆ, ತಾನು ಚಿತ್ರ ತೆಗೆಯುವವಳು, ತಂಡ ಆಕೆಗೇ ಸೇರಬೇಕು ಎಂದರಂತೆ. ಹೀಗೆ ಅವರು ಬಿಟ್ಟುಕೊಟ್ಟದ್ದು ನನ್ನದಾಯಿತು. ಅದಕ್ಕೂ ನಾನು ಅವರನ್ನು ಕ್ಷಮಿಸಿರಲಿಲ್ಲ.

ಮೊಣಕಾಲು ನೋವಿಗೆ ಬಸ್ಸಿನ ಓಡಾಟ ಆಗದೆಂದು ಕಳೆದ ತಿಂಗಳು ಕೆಲಸ ಬಿಟ್ಟರು. ಬೀಳ್ಕೊಡುಗೆ ಮುಗಿದ ಮೇಲೆ ಅವರ ಗಂಟು ಹಿಡಿದುಕೊಂಡು ನವನಗರದ ಬಸ್ ನಿಲ್ದಾಣದವರೆಗೆ ನಾನೇ ಹೋದೆ. ಕಲ್ಲು ಬೆಂಚಿನ ಮೇಲೆ ಕೂತರು. ಮೂರು ವಾಕ್ಯದಲ್ಲಿ ಬಾರದ್ದು ಅಲ್ಲಿ ಬಂತು. ಅವತ್ತು ನನಗೆ ಕಂಡಿತ್ತು, ಬೇಕೆಂದೇ ಹೇಳಲಿಲ್ಲ, ಸರಿಯಾದ ಚಿತ್ರ ನನ್ನ ಚೀಲದಲ್ಲಿತ್ತು ಎಂದೆ.

ಎರಡು ಬಸ್ಸು ಬಂದು ಹೋದವು.

"ಎಷ್ಟ ಹೊತ್ತಿನ್ಯಾಗ ಕಂಡಿತ್ತು?"

"ನೋಡಿದ ಕೂಡ್ಲೇರಿ."

"ಹಂಗಾದ್ರ ಆ ದಪ್ಪ ಸಾಲ ತಗದಬಿಡು. ಅಂಚಿನ ಅಂಕಿ ಸಾಕಾಗಿತ್ತು." ಸೆರಗಿಗೆ ಬೆರಳು ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡದೆ ಹೇಳಿದರು: "ನಿನಗ ಯಾಕ ತೋರಸ್ತಿದ್ದೆ ಗೊತ್ತೇನ? ಉಳದವರು ನನ್ನ ಮಾರಿ ನೋಡಿ ಹೇಳ್ತಿದ್ರು. ನೀ ಒಬ್ಬಾಕಿ ಚಿತ್ರ ನೋಡಿ ಹೇಳ್ತಿದ್ದಿ."

ಇಳಕಲ್ ಬಸ್ಸು ಬಂತು. ಗಂಟನ್ನು ನನ್ನ ಕೈಯಿಂದ ತಾವೇ ತೆಗೆದುಕೊಂಡು ಹತ್ತಿದರು. ಕಿಟಕಿಯಿಂದ ಕೈ ಬೀಸಲಿಲ್ಲ. ಅವರಿಗೆ ನೋವಾಗಿದೆಯೆಂದು ತಿಳಿದೂ, ಆ ನೋವಿನ ನಡುವೆಯೂ ಮೊದಲು ಚಿತ್ರವನ್ನು ಸರಿಪಡಿಸಬಲ್ಲ ಆ ಮನಸ್ಸು ನನ್ನದಾಗಿರಬಾರದಿತ್ತೇ ಎಂದೇ ಅನ್ನಿಸಿತು. ಹೊಟ್ಟೆಕಿಚ್ಚು ಬಸ್ ಹತ್ತಿ ಹೋಗುವುದಿಲ್ಲ.

ಸೋಮವಾರ ನಮ್ಮ ವರದಿಯ ನಮೂನೆಯಿಂದ ಆ ಸಾಲನ್ನು ತೆಗೆದೆ. ಅಕ್ಕೋರು ಹಾಕಿದ್ದನ್ನು ಯಾಕೆ ತೆಗೆದಿರಿ ಎಂದು ತಂಡದ ನಾಲ್ವರೂ ಕೇಳಿದರು. ಈಗಿನ ಕಂಪ್ಯೂಟರ್ ಪರದೆಗೆ ಅದು ಬೇಡ ಎನ್ನಬಹುದಿತ್ತು. ಆದದ್ದನ್ನು ಆದಂತೆ ಹೇಳಿದೆ. ಹೋದ ತಿಂಗಳಷ್ಟೇ ಸೇರಿದ ಹುನಗುಂದದ ಹುಡುಗಿ, ಹಿಂದಿನ ಶನಿವಾರ ತನ್ನ ಮೊದಲ ಚಿತ್ರವನ್ನು ನನಗೆ ತೋರಿಸಿ ಒಪ್ಪಿಗೆ ಪಡೆದವಳು, ಕೈಯಲ್ಲಿದ್ದ ಹಾಳೆಯನ್ನು ನೋಡುತ್ತ ಕೇಳಿದಳು:

"ಹಂಗಾದ್ರ ಮೇಡಂ, ಇನ್ಮ್ಯಾಲ ನಾವು ಚಿತ್ರ ಯಾರಿಗೆ ತೋರಸೂದ್ರಿ?"

ಕೊಂಕು ಇರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು.

"ನನಗ ತೋರಸ್ರಿ" ಎಂದೆ. "ಆಮ್ಯಾಲ ಇನ್ನೊಬ್ಬರಿಗೆ ತೋರಸ್ರಿ. ನಾ ಏನ ಹೇಳಿದ್ನಿ ಅಂತ ಅವರಿಗೆ ಹೇಳಬ್ಯಾಡ್ರಿ."

ಅವಳು ಅದನ್ನು ನಮೂನೆಯಲ್ಲಿ, ನಾನು ಖಾಲಿ ಮಾಡಿದ ಜಾಗದ ಪಕ್ಕದಲ್ಲಿ, ನಿಯಮವೆಂದು ಬರೆದುಕೊಂಡಳು.